ಮುಟುರಿದ ಎಲೆಯೂ ಅವಸರದ ಔಷಧವೂ

(ಒಬ್ಬ ವ್ಯವಸಾಯ ಇನ್‌ಸ್ಪೆಕ್ಟರರಿಂದ)

ಮೆಣಸಿನ ಗಿಡದ ಎಲೆ ಮುಟುರಿತೆಂದರೆ ನಮ್ಮ ರೈತರು ಅದಕ್ಕೆ ‘ಮುಟುರು ರೋಗ’ವೆಂಬ ಒಂದೇ ಹೆಸರನ್ನಿಟ್ಟು, ಒಂದೇ ಔಷಧವನ್ನು ಹುಡುಕಿಕೊಂಡು ಪೇಟೆಗೆ ಹೊರಡುವುದು ವಾಡಿಕೆಯಾಗಿದೆ. ಜ್ವರ ಬಂದವರಿಗೆಲ್ಲಾ ಒಂದೇ ಕಷಾಯವನ್ನು ಕುಡಿಸುವ ವೈದ್ಯನನ್ನು ನಾವು ನಂಬುವುದಿಲ್ಲ. ಗಿಡದ ವಿಷಯದಲ್ಲಿ ಮಾತ್ರ ನಾವೇ ಅಂತಹ ವೈದ್ಯರಾಗಿದ್ದೇವೆ. ಎಲೆಯ ಮುಟುರು ಬರಿಯ ಕುರುಹು. ಅದರ ಹಿಂದಿರುವ ಕಾರಣಗಳು ನಾಲ್ಕಾರು. ಕಾರಣವನ್ನು ಕಾಣುವುದಕ್ಕೆ ಮುಂಚೆ ಔಷಧವನ್ನು ಸಿಂಪಡಿಸಬಾರದೆಂಬುದೇ ಈ ಲೇಖನದ ಅಭಿಪ್ರಾಯವು.

ಈಚಿನ ವರ್ಷಗಳಲ್ಲಿ ಬಲೆಯ ನೆರಳುಮನೆಗಳಲ್ಲಿಯೂ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಹಸಿರುಮನೆಗಳಲ್ಲಿಯೂ ದೊಣ್ಣೆ ಮೆಣಸಿನಕಾಯಿಯನ್ನು ಬೆಳೆಯುವುದು ಹೆಚ್ಚಿದೆ. ಬಯಲು ಬೆಳೆಗೆ ಬೇಕಾದ ಸಸಿಗಳನ್ನೂ ಅಂತಹ ಮನೆಗಳಲ್ಲಿಯೇ ಎಬ್ಬಿಸುತ್ತಾರೆ. ಮಾಡಿನೊಳಗಿನ ಗಿಡಕ್ಕೆ ಹುಳು ತಗಲದೆಂಬ ಭರವಸೆಯು ಅನೇಕರಲ್ಲಿ ಉಂಟು. ಇದು ತಪ್ಪು. ಒಳಗೆ ಹುಳುವನ್ನು ತೊಳೆಯುವ ಮಳೆಯಿಲ್ಲ. ಅದನ್ನು ತಿನ್ನುವ ಮಿತ್ರಕೀಟಗಳೂ ಸುಲಭವಾಗಿ ಬರಲಾರವು. ಬಿಸುಪೂ ತೇವವೂ ಬೇಕಾದಷ್ಟಿರುತ್ತವೆ. ಬಾಗಿಲಿನಿಂದಲೋ, ಬಟ್ಟೆಗೆ ಅಂಟಿಯೋ, ಹರಿದ ಬಲೆಯಿಂದಲೋ ಒಮ್ಮೆ ಹೊಕ್ಕ ಕೀಟವು ಬಯಲಿಗಿಂತಲೂ ಬೇಗ ವೃದ್ಧಿಯಾಗುತ್ತದೆ. ಒಂದು ಸಸಿಮನೆಯಲ್ಲಿ ಹುಟ್ಟಿದ ಪೀಡೆಯು ಸಸಿಗಳೊಡನೆ ಹತ್ತು ಹಳ್ಳಿಗಳನ್ನು ಸೇರುವುದರಿಂದ, ಇದು ಒಬ್ಬನ ಹೊಲದ ಮಾತಲ್ಲ, ಊರಿನ ಮಾತು.

ನನ್ನದೇ ತಪ್ಪೊಂದನ್ನು ಇಲ್ಲಿ ಹೇಳುವುದು ಯುಕ್ತವೆಂದು ತೋರುತ್ತದೆ. ಕೆಲವು ವರ್ಷಗಳ ಹಿಂದೆ ಸಣ್ಣ ಹಿಡುವಳಿದಾರನೊಬ್ಬನು ಸಾಲಮಾಡಿ ಕಟ್ಟಿಸಿದ್ದ ನೆರಳುಮನೆಯಲ್ಲಿ ದೊಣ್ಣೆ ಮೆಣಸಿನ ಗಿಡಗಳ ಕುಡಿಗಳು ಮುದುಡಿದ್ದವು. ನಾನು ನಿಂತಲ್ಲಿಂದಲೇ ನೋಡಿ, ಥ್ರಿಪ್ಸ್ ನುಸಿಯೆಂದು ನಿರ್ಧರಿಸಿ, ಪೈರೆಥ್ರಾಯ್ಡ್ ಜಾತಿಯ ಔಷಧವನ್ನು ಎರಡು ಸಲ ಸಿಂಪಡಿಸಹೇಳಿದೆನು. ಹನ್ನೆರಡು ದಿನಗಳ ಮೇಲೆ ಹೋಗಿ ನೋಡಲಾಗಿ, ಒಂದು ಮೂಲೆಯಲ್ಲಿದ್ದ ಮುಟುರು ಮನೆಯನ್ನೆಲ್ಲಾ ತುಂಬಿತ್ತು. ಆಗ ಕುಡಿ ಎಲೆಯ ಅಡಿಯನ್ನು ಭೂತಗನ್ನಡಿಯಿಂದ ನೋಡಿದೆನು. ಅಲ್ಲಿದ್ದುದು ಥ್ರಿಪ್ಸ್ ಅಲ್ಲ, ಹಳದಿ ಮೈಟ್ ನುಸಿ. ನಾನು ಹೇಳಿದ ಔಷಧವು ಮೈಟನ್ನು ಕೊಲ್ಲಲಿಲ್ಲ. ಆ ಜಾತಿಯ ಔಷಧವು ಮೈಟನ್ನು ತಿನ್ನುವ ಮಿತ್ರಕೀಟಗಳನ್ನು ಕೊಂದು ಮೈಟನ್ನು ಹೆಚ್ಚಿಸುವುದೆಂಬುದು ಪ್ರಸಿದ್ಧವಾದ ಸಂಗತಿ. ಆ ರೈತನು ಕೋಪಿಸಿಕೊಳ್ಳಲಿಲ್ಲ. “ಸ್ವಾಮಿ, ತಾವು ಹೇಳಿದ್ದನ್ನೇ ಮಾಡಿದೆನಲ್ಲ” ಎಂದಷ್ಟೇ ಅಂದನು. ಬೈದಿದ್ದರೆ ಮನಸ್ಸಿಗೆ ಅಷ್ಟು ನಾಟುತ್ತಿರಲಿಲ್ಲ.

ಆದಕಾರಣ ಗುರುತುಗಳನ್ನು ವಿಶದವಾಗಿ ಬರೆಯುತ್ತೇನೆ. ಎಲೆಯ ಅಂಚುಗಳು ಮೇಲಕ್ಕೆ ಮಡಿಸಿಕೊಂಡು ದೋಣಿಯಂತಾಗಿ, ಅಡಿಯಲ್ಲಿ ನರದ ಪಕ್ಕಗಳು ಮೊದಲು ಬೆಳ್ಳಿಯಂತೆ ಹೊಳೆದು ಆಮೇಲೆ ಕಂದಾದರೆ ಅದು ಥ್ರಿಪ್ಸ್. ಕುಡಿಯನ್ನು ಕಾಗದದ ಮೇಲೆ ತಟ್ಟಿದರೆ ಸುಮಾರು 1 ಮಿಲಿಮೀಟರ್ ಉದ್ದದ ಸಪೂರ ಕೀಟಗಳು ಹರಿದಾಡುವುದು ಕಾಣುತ್ತದೆ. ಎಲೆಯು ಕೆಳಕ್ಕೆ ಬಾಗಿ ಕವುಚಿದ ದೋಣಿಯಂತಾಗಿ, ತೊಟ್ಟು ಉದ್ದವಾಗಿ, ಎಲೆ ಗಡುಸಾಗಿ ಕಡುಹಸಿರು ಬಣ್ಣಕ್ಕೆ ತಿರುಗಿದರೆ ಅದು ಹಳದಿ ಮೈಟ್. ಇದರ ಗಾತ್ರ ಸುಮಾರು 0.2 ಮಿಲಿಮೀಟರ್; ಬರಿಗಣ್ಣಿಗೆ ಕಾಣಲಾರದು. ಹತ್ತು ಪಟ್ಟು ಹಿಗ್ಗಿಸುವ ಗಾಜಿನಲ್ಲಿ ನೋಡಿದರೆ, ಬಿಳಿಯ ಚುಕ್ಕೆಗಳ ಸಾಲುಳ್ಳ ಅದರ ಮೊಟ್ಟೆಗಳಿಂದಲೇ ಗುರುತಿಸಬಹುದು. ಎಲೆಗಳು ಸಣ್ಣಗಾಗಿ, ಸುಕ್ಕುಗಟ್ಟಿ, ನರಗಳು ದಪ್ಪವಾಗಿ, ಗೆಣ್ಣುಗಳು ಹತ್ತಿರವಾಗಿ ಗಿಡವು ಪೊದೆಯಂತೆ ಕುಳ್ಳಾದರೆ ಅದು ಬಿಳಿ ನೊಣವು ಹರಡುವ ನಂಜುರೋಗ. ಎಲ್ಲಾ ಗಿಡಗಳೂ ಒಟ್ಟಿಗೆ ಮಧ್ಯಾಹ್ನ ಸುರುಳಿಯಾಗಿ ಸಂಜೆಗೆ ಬಿಚ್ಚಿಕೊಂಡರೆ ಕೀಟವನ್ನು ಹುಡುಕಬೇಡಿರಿ. ಬಿಸಿಲನ್ನೂ ನೀರನ್ನೂ ವಿಚಾರಿಸಿರಿ. ಸಮೀಪದ ಹೊಲದಲ್ಲಿ 2,4-ಡಿ ಎಂಬ ಕಳೆನಾಶಕವನ್ನು ಹೊಡೆದಿದ್ದರೆ ಅದರ ಗಾಳಿ ಸೋಕಿಯೂ ಎಲೆಗಳು ತಿರುಚಿ ಪಟ್ಟಿಯಂತಾಗುವುದುಂಟು.

ಈ ಗುರುತುಗಳು ಕೆಲವೊಮ್ಮೆ ಬೆರೆತೂ ಇರುತ್ತವೆ. ಬಿಳಿ ನೊಣದ ಕಾಲನ್ನು ಹಿಡಿದುಕೊಂಡು ಮೈಟು ಗಿಡದಿಂದ ಗಿಡಕ್ಕೆ ಸವಾರಿ ಮಾಡುವುದುಂಟು. ಹೊಸ ಶತ್ರುಗಳೂ ಬಂದಿವೆ. ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಪರದೇಶದ ಕೀಟವು ಭಾರತದಲ್ಲಿದೆಯೆಂದು 2015ರಲ್ಲಿ ಬೆಂಗಳೂರಿನ ಪರಂಗಿ ಗಿಡದಿಂದ ವರದಿಯಾಯಿತು. 2021ರಲ್ಲಿ ಅದು ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನಕಾಯಿಗೆ ಮಹಾಹಾನಿಯನ್ನುಂಟುಮಾಡಿತು. ಇದು ಹೂವಿನಲ್ಲಿ ಗುಂಪುಗೂಡುವುದರಿಂದ ಎಲೆಯನ್ನು ಮಾತ್ರ ನೋಡಿದವರಿಗೆ ತಪ್ಪಿಹೋಯಿತು. ಹೂವನ್ನೂ ಬಿಡಿಸಿ ನೋಡತಕ್ಕದ್ದು.

ಕಾರಣವು ತಿಳಿದ ಮೇಲೆ ಉಪಾಯವು ಕಷ್ಟವಲ್ಲ. ಮೈಟಿಗೆ ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 3 ಗ್ರಾಮಿನಂತೆ ಎಲೆಯ ಅಡಿಗೆ ಬೀಳುವಂತೆ ಸಿಂಪಡಿಸಬಹುದು; ಉರಿಬಿಸಿಲಿನಲ್ಲಾಗಲಿ, ಎಣ್ಣೆಯ ಔಷಧದ ಹಿಂದುಮುಂದಾಗಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಥ್ರಿಪ್ಸಿಗೆ ಗಂಧಕವನ್ನು ನೆಚ್ಚಬಾರದು. ಅದಕ್ಕೆ ನೀಲಿಯ ಅಂಟುಹಲಗೆಗಳನ್ನೂ, ಬಿಳಿ ನೊಣಕ್ಕೆ ಹಳದಿಯವನ್ನೂ ಕಟ್ಟತಕ್ಕದ್ದು. ಪೀಡೆಯು ಆರಂಭದಲ್ಲಿರುವಾಗಲೇ 5 ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಸೋಸಿ, 100 ಲೀಟರಿಗೆ ಸರಿಮಾಡಿ, ಸ್ವಲ್ಪ ಸೋಪನ್ನು ಬೆರೆಸಿ ಸಂಜೆ ಸಿಂಪಡಿಸುವುದು ಉತ್ತಮ. ನಂಜುರೋಗವನ್ನು ಗುಣಮಾಡುವ ಔಷಧವು ಲೋಕದಲ್ಲಿಲ್ಲ. ಬಿಳಿ ನೊಣವನ್ನು ತಡೆದು, ರೋಗದ ಗಿಡವನ್ನು ಕಿತ್ತು ಸುಡುವುದೇ ಮಾರ್ಗ. ಸಾಯದ ಗಿಡವನ್ನು ಕೀಳಲು ಕೈ ಬಾರದು, ನಿಜ. ಆದರೆ ಆ ಒಂದು ಗಿಡದ ಮೇಲಿನ ಕರುಣೆಯು ನೆರೆಯ ನೂರು ಗಿಡಗಳಿಗೆ ಕ್ರೌರ್ಯವಾಗುತ್ತದೆ.

“ಪರೀಕ್ಷಿಸುತ್ತ ಕುಳಿತರೆ ರೋಗ ಹಬ್ಬುವುದಿಲ್ಲವೇ?” ಎಂದು ಕೆಲವರು ಕೇಳುತ್ತಾರೆ. ಹತ್ತು ಗಿಡಗಳ ಕುಡಿಯನ್ನು ನೋಡಲು ಅರ್ಧ ಗಂಟೆ ಸಾಕು. ತಪ್ಪು ಔಷಧದಿಂದ ನಾನು ಕಳೆದುದು ಹನ್ನೆರಡು ದಿನ.

ಗ್ರಾಮದ ಮುಖಂಡರಲ್ಲಿಯೂ ದೊಡ್ಡ ಹಿಡುವಳಿದಾರರಲ್ಲಿಯೂ ನನ್ನ ವಿಜ್ಞಾಪನೆಯು ಮೂರೇ. ಊರಿಗೆ ಒಂದು ಭೂತಗನ್ನಡಿಯನ್ನು ಕೊಂಡು, ಕೇಳಿದವರ ಕೈಗೆ ಸಿಗುವ ಸ್ಥಳದಲ್ಲಿ ಇಡಿರಿ. ಅದರ ಬೆಲೆಯು ಒಂದು ಸಲದ ಸಿಂಪಡಿಕೆಗಿಂತಲೂ ಕಡಮೆ. ಸಸಿಗಳನ್ನು ಕೊಳ್ಳುವಾಗ ಎಲೆಯ ಅಡಿಯನ್ನು ನೋಡಿದ ಮೇಲೆಯೇ ಹಣವನ್ನು ಕೊಡುವ ಪದ್ಧತಿಯನ್ನು ತಾವೇ ಮೊದಲು ಹಾಕಿಕೊಡಿರಿ. ಸಣ್ಣ ರೈತನು ಒಬ್ಬನೇ ಕೇಳಿದರೆ ಸಸಿ ಮಾರುವವರು ಕಿವಿಗೊಡುವುದಿಲ್ಲ. ನಂಜು ಕಂಡ ವರ್ಷ ಒಂದು ದಿನವನ್ನು ಗೊತ್ತುಮಾಡಿ, ಊರಿನ ಎಲ್ಲಾ ಹೊಲಗಳಿಂದಲೂ ರೋಗದ ಗಿಡಗಳನ್ನು ಒಟ್ಟಿಗೆ ಕೀಳಿಸಿರಿ, ಮತ್ತು ತಮ್ಮ ಹೊಲದಿಂದಲೇ ಆರಂಭಿಸಿರಿ. ದೊಡ್ಡವರ ಹೊಲದಲ್ಲಿ ರೋಗದ ಗಿಡ ನಿಂತಿರುವವರೆಗೆ ಬಡವನಿಗೆ ಕೀಳೆಂದು ಹೇಳುವ ಬಾಯಿ ನಮಗಾರಿಗೂ ಇಲ್ಲ.