ಸೀಟು ಸಿಕ್ಕಿದ ದಿನವೇ ಸಾಲ

ಸಿಇಟಿ ಸೀಟು ಹಂಚಿಕೆಯಾದ ವಾರ ತುಮಕೂರು ಜಿಲ್ಲೆಯ ಹೆಬ್ಬೂರಿನಂಥ ಊರಿನ ಸೈಬರ್ ಅಂಗಡಿಯಲ್ಲಿ ಕೇಳಿಬರುವುದು ಒಂದೇ ಮಾತು: ‘ಚಲನ್ ಬಂತಾ?’ ಕಂಪ್ಯೂಟರ್ ಸೈನ್ಸ್ ಸಿಕ್ಕಿದ ಹುಡುಗಿಗೆ ಖುಷಿಪಡಲೂ ಪುರುಸೊತ್ತಿಲ್ಲ. ಗಡುವಿನೊಳಗೆ ಶುಲ್ಕ ಕಟ್ಟದಿದ್ದರೆ ಸೀಟು ಕೈತಪ್ಪುತ್ತದೆ. ಅಪ್ಪ ಕಾಯಿ ವ್ಯಾಪಾರಿಯ ಹತ್ತಿರ ಮುಂಗಡ ಕೇಳುತ್ತಾನೆ, ಅಮ್ಮ ಸಂಘದ ಸಾಲ ವಿಚಾರಿಸುತ್ತಾಳೆ.

ಸ್ಕಾಲರ್‌ಶಿಪ್ ಇಲ್ಲವೇ? ಇದೆ, ಬೇಕಾದಷ್ಟಿದೆ. ಶುಲ್ಕ ಮರುಪಾವತಿ, ವಿದ್ಯಾಸಿರಿ, ರೈತ ವಿದ್ಯಾನಿಧಿ, ಹೆಣ್ಣುಮಕ್ಕಳಿಗೆ ಎಐಸಿಟಿಇಯ ವರ್ಷಕ್ಕೆ 50,000 ರೂಪಾಯಿಯ ಪ್ರಗತಿ. ಆದರೆ ಇವೆಲ್ಲ ಕಾಲೇಜು ಸೇರಿದವರಿಗೆ. ಸೇರುವ ಬಾಗಿಲಲ್ಲಿ ನಿಂತವರಿಗಲ್ಲ. ಮೊದಲು ಕಟ್ಟಿ, ಆಮೇಲೆ ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿಯಂಥ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನಾಡಕಚೇರಿ ಕೊಟ್ಟ ಜಾತಿ, ಆದಾಯ ಪತ್ರದ ಆರ್‌ಡಿ ನಂಬರ್ ತುಂಬಿ, ಆಧಾರ್‌ಗೆ ಬ್ಯಾಂಕ್ ಖಾತೆ ಜೋಡಿಸಿ ಕಾಯಬೇಕು. ಹಣ ಬರುವಷ್ಟರಲ್ಲಿ ಸಾಲದ ಬಡ್ಡಿ ಬೆಳೆದಿರುತ್ತದೆ.

ಬಾಗಿಲಲ್ಲೇ ಎಲ್ಲ ವರ್ಗದವರಿಗೂ ಸಿಗುವ ನೆರವು ಎಂದರೆ ಎಸ್‌ಎನ್‌ಕ್ಯೂ, ಅಂದರೆ ಸೂಪರ್‌ನ್ಯೂಮರರಿ ಕೋಟಾ. ಕುಟುಂಬದ ಆದಾಯ 8 ಲಕ್ಷದೊಳಗಿದ್ದವರಿಗೆ ಬೋಧನಾ ಶುಲ್ಕ ಮಾಫಿ. ಎಷ್ಟು ಸೀಟು? ಶೇ 5. ಅರವತ್ತು ಸೀಟಿನ ವಿಭಾಗದಲ್ಲಿ ಮೂರು! ಅದೂ ರ‍್ಯಾಂಕ್ ಪ್ರಕಾರ. ಬೆಂಗಳೂರಿನ ಕೋಚಿಂಗ್‌ನಲ್ಲಿ ಎರಡು ವರ್ಷ ಪಳಗಿದ ಏಳು ಲಕ್ಷ ಆದಾಯದ ಮನೆಯ ಹುಡುಗನೂ, ಒಂದೂವರೆ ಎಕರೆ ರಾಗಿ ಹೊಲದವರ ಮಗಳೂ ಇಲ್ಲಿ ಒಂದೇ ಗೆರೆಯಿಂದ ಓಡಬೇಕು.

ಇತ್ತ ಹಿಂದುಳಿದ ವರ್ಗಗಳ ಇಲಾಖೆ 2ಎ, 3ಎ, 3ಬಿ ವಿದ್ಯಾರ್ಥಿಗಳ ನೆರವಿಗೆ ಆದಾಯ ಮಿತಿಯನ್ನು ವರ್ಷಗಟ್ಟಲೆ 1 ಲಕ್ಷದಲ್ಲೇ ಇಟ್ಟುಕೊಂಡು ಬಂತು. ತಿಂಗಳಿಗೆ ಲೆಕ್ಕ ಹಾಕಿದರೆ 8,333 ರೂಪಾಯಿ. ಒಂದೇ ಕಾಲೇಜು, ಒಂದೇ ಬೆಂಚು. ಒಂದು ಯೋಜನೆಗೆ 8 ಲಕ್ಷದವನು ಬಡವ, ಇನ್ನೊಂದಕ್ಕೆ ಒಂದು ಲಕ್ಷ ದಾಟಿದವನು ಸ್ಥಿತಿವಂತ. ಅಪ್ಪ ದಿನಗೂಲಿಯಲ್ಲಿ ನಾಲ್ಕುನೂರು ರೂಪಾಯಿ ದುಡಿದರೂ ವರ್ಷದ ಲೆಕ್ಕ ಈ ಗೆರೆ ಮೀರುತ್ತದೆ. ಹೀಗಾದಾಗ ಸುಳ್ಳು ಆದಾಯ ಪತ್ರ ಹುಟ್ಟದೆ ಇನ್ನೇನು?

ಮೊದಲೇ ಕೊಟ್ಟರೆ ದುರುಪಯೋಗವಾಗುತ್ತದೆ ಎಂಬ ಅಧಿಕಾರಿಗಳ ವಾದ ತಳ್ಳಿಹಾಕುವಂಥದ್ದಲ್ಲ. ಆದರೆ ಜಾತಿ, ಆದಾಯ ಪತ್ರಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಸಿಇಟಿ ಹಂತದಲ್ಲೇ ಆರ್‌ಡಿ ನಂಬರ್ ಹಿಡಿದು ಪರಿಶೀಲಿಸುತ್ತದೆ. ನಿಗದಿತ ಆದಾಯದೊಳಗಿನ ಪರಿಶಿಷ್ಟ ವಿದ್ಯಾರ್ಥಿಗಳಿಗೆ ಪ್ರವೇಶದ ಹೊತ್ತಿನಲ್ಲೇ ಶುಲ್ಕ ರಿಯಾಯಿತಿ ಕೊಡುವ ಪದ್ಧತಿಯೂ ಅಲ್ಲಿದೆ. ಅದೇ ದಾರಿಯನ್ನು ಉಳಿದ ಬಡವರಿಗೂ ತೆರೆದು, ಹಣವನ್ನು ಸರ್ಕಾರ ಮತ್ತು ಕಾಲೇಜು ತಮ್ಮತಮ್ಮಲ್ಲೇ ಚುಕ್ತಾ ಮಾಡಿಕೊಳ್ಳಲು ಏನಡ್ಡಿ?

ಕೊಟ್ಟ ಮಾತಾದರೂ ನಿಲ್ಲುತ್ತದೆಯೇ ಎಂದರೆ, ಅದಕ್ಕೂ ಭರವಸೆ ಸಾಲದು. ಕಟ್ಟಡ ಕಾರ್ಮಿಕರ ಮಕ್ಕಳ ಶೈಕ್ಷಣಿಕ ಸಹಾಯಧನಕ್ಕೆ 2023ರಲ್ಲಿ ಕತ್ತರಿ ಬಿತ್ತು. ಕಾರ್ಮಿಕರ ಹೆಸರಿನಲ್ಲೇ ವಸೂಲಾದ ಸೆಸ್ ಹಣವದು. ವಿದ್ಯಾರ್ಥಿನಿಯರು ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಆ ಅಧಿಸೂಚನೆ ರದ್ದಾಯಿತು. ಓದಬೇಕಾದ ಮಕ್ಕಳು ವಕೀಲರನ್ನು ಹುಡುಕಬೇಕಾಯಿತು.

ಹೆಬ್ಬೂರಿನಿಂದ ಬಸ್ಸು ಹತ್ತಿದರೆ ತುಮಕೂರು ದೂರವೇನಲ್ಲ. ಸಿದ್ಧಗಂಗಾ ತಾಂತ್ರಿಕ ಕಾಲೇಜು 1963ರಿಂದ ಅಲ್ಲಿದೆ. ಅದರ ಬೆನ್ನಿಗಿರುವ ಮಠ ಸಾವಿರಾರು ಮಕ್ಕಳಿಗೆ ಉಚಿತವಾಗಿ ಅನ್ನ, ವಸತಿ, ಅಕ್ಷರ ಕೊಟ್ಟಿದೆ. ಮೊದಲು ಊಟದ ದುಡ್ಡು ಕಟ್ಟಿ, ಮುಂದಿನ ವರ್ಷ ವಾಪಸ್ ಕೊಡುತ್ತೇವೆ ಎಂದು ಆ ಮಠ ಯಾವ ಮಗುವಿಗೂ ಹೇಳಲಿಲ್ಲ.

2025-26ಕ್ಕೆ ಎಂಜಿನಿಯರಿಂಗ್ ಶುಲ್ಕ ಶೇ 7.5ರಷ್ಟು ಏರಿತು. ಆ ಆದೇಶ ಪ್ರವೇಶಕ್ಕೆ ಮುಂಚೆಯೇ, ಸಕಾಲಕ್ಕೆ ಹೊರಬಿತ್ತು.