ರಾಗಿಯ ಪ್ರಯೋಗವರದಿಗಳನ್ನು ಒಟ್ಟುಗೂಡಿಸುವ ಕ್ರಮ

ಒಂದು ಗೊಬ್ಬರದಿಂದ ರಾಗಿಯ ಇಳುವರಿಯು ಎಕರೆಗೆ ಇಷ್ಟು ಹೆಚ್ಚಿತೆಂದು ಒಂದು ವರದಿಯು ಹೇಳುವುದು. ಅದರ ಅರ್ಧದಷ್ಟೂ ಇಲ್ಲವೆಂದು ಮತ್ತೊಂದು ಹೇಳುವುದು. ಕಗ್ಗಲೀಪುರ, ತಾತಗುಣಿಗಳ ಕಡೆಯ ಮಳೆಯಾಶ್ರಯದ ಕೆಂಪುಮಣ್ಣಿನ ಹೊಲಕ್ಕೆ ಸಾಲ ಮಾಡಿ ಗೊಬ್ಬರ ತರಬಹುದೇ ಎಂದು ರೈತರು ಊರಿನ ಮುಖಂಡರನ್ನು ಕೇಳಿದಲ್ಲಿ, ಎರಡು ಅಂಕಿಗಳನ್ನೂ ಕೂಡಿ ಎರಡರಿಂದ ಭಾಗಿಸಿ ಉತ್ತರ ಹೇಳುವುದು ವಾಡಿಕೆ. ಈ ವಾಡಿಕೆಯಿಂದ ಸಾಲಗಾರನಿಗೆ ಹಾನಿಯಾಗುವ ಸಂಭವವುಂಟು.

ತಾಕುತಾಕಿನ ಇಳುವರಿಯನ್ನು ಬರೆದಿಟ್ಟ ಪುಸ್ತಕವು ದೊರೆತರೆ ಲೆಕ್ಕವನ್ನು ಮೊದಲಿನಿಂದ ಹಾಕಬಹುದು. ಆದರೆ ಅಚ್ಚಾಗಿ ಕೈಸೇರುವುದು ಬಹುಮಟ್ಟಿಗೆ ಒಂದು ಸರಾಸರಿ ಮಾತ್ರ. ಪುನಃ ಪ್ರಯೋಗ ಮಾಡಿ ನೋಡೋಣವೆಂದರೆ ಹೊಲವೇ ಇಲ್ಲದಿರಬಹುದು. ೧೯೪೮ರಲ್ಲಿ ಜಯನಗರದ ಬಡಾವಣೆಯು ಪ್ರಾರಂಭವಾದ ತರುವಾಯ ಯಡಿಯೂರು, ಸಾರಕ್ಕಿಗಳಂತಹ ಗ್ರಾಮಗಳು ನಗರದೊಳಗೆ ಸೇರಿಹೋದುದನ್ನು ಎಲ್ಲರೂ ಬಲ್ಲರು. ಸರಾಸರಿಯೊಡನೆ ಪ್ರಮಾಣದೋಷವನ್ನೂ, ಎಂದರೆ ಅದೇ ಪ್ರಯೋಗವನ್ನು ಮರಳಿ ಮಾಡಿದರೆ ಅಂಕಿಯು ಎಷ್ಟು ಏರಿಳಿಯಬಹುದೆಂಬ ಅಳತೆಯನ್ನೂ, ಕೊಟ್ಟಿದ್ದರೆ ಅಷ್ಟರಿಂದಲೇ ಬಹಳ ಕೆಲಸವಾಗುವುದು. ಅದಕ್ಕೆ ಬದಲಾಗಿ ನೂರಕ್ಕೆ ೯೫ರ ಭರವಸೆಯ ಮೇಲಣ ಕೆಳಗಣ ಎಲ್ಲೆಗಳಿದ್ದರೆ, ಅವುಗಳ ಅಂತರದಲ್ಲಿ ಸುಮಾರು ಕಾಲುಪಾಲೇ ಪ್ರಮಾಣದೋಷವು. ಎರಡೂ ಇಲ್ಲದ ವರದಿಗೆ ತೂಕ ಕಟ್ಟಲು ನೆಟ್ಟಗಿನ ಆಧಾರವಿಲ್ಲ.

ನಿದರ್ಶನಕ್ಕಾಗಿ ಎರಡು ವರದಿಗಳನ್ನು ಕಲ್ಪಿಸಿಕೊಳ್ಳಬಹುದು. ಒಂದರಲ್ಲಿ ಎಕರೆಗೆ ೧೦೦ ಕಿಲೋಗ್ರಾಂ ಹೆಚ್ಚಳ, ಪ್ರಮಾಣದೋಷ ೨೦. ಇನ್ನೊಂದರಲ್ಲಿ ೪೦ ಕಿಲೋಗ್ರಾಂ, ಪ್ರಮಾಣದೋಷ ೧೦. ದೋಷದ ವರ್ಗವು ಹೆಚ್ಚಿದಂತೆ ತೂಕವನ್ನು ತಗ್ಗಿಸಿದರೆ ಮೊದಲನೆಯದಕ್ಕೆ ೧, ಎರಡನೆಯದಕ್ಕೆ ೪ ಬರುವುದು; ಕೂಡಿದ ಅಂಕಿ ೫೨, ಅದರ ದೋಷ ಸುಮಾರು ೯. ಬರಿಯ ಸರಾಸರಿಯು ೭೦.

ಇಲ್ಲಿಗೇ ನಿಲ್ಲುವುದು ಯುಕ್ತವಲ್ಲ. ಎರಡು ವರದಿಗಳ ವ್ಯತ್ಯಾಸ ೬೦. ಆ ವ್ಯತ್ಯಾಸದ ಪ್ರಮಾಣದೋಷ ಸುಮಾರು ೨೨. ಆಕಸ್ಮಿಕದಿಂದ ಇಷ್ಟೊಂದು ಭೇದವು ಬರುವುದು ಅಪರೂಪ. ಸ್ಥಳಗಳೇ ಬೇರೆಬೇರೆ ಫಲ ಕೊಟ್ಟಿವೆಯೆಂದು ತಿಳಿಯತಕ್ಕದ್ದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕ್ಷೇತ್ರದ ಯೇಟ್ಸ್ ಮತ್ತು ಕಾಕ್ರನ್ ಎಂಬ ವಿದ್ವಾಂಸರು ೧೯೩೮ರಲ್ಲಿ ಪ್ರಯೋಗಸಮೂಹಗಳ ವಿಚಾರವಾಗಿ ಬರೆದ ಲೇಖನದಲ್ಲಿ ಈ ಸ್ಥಳಭೇದವನ್ನು ಲೆಕ್ಕಕ್ಕೆ ತರುವುದು ಅವಶ್ಯಕವೆಂದು ವಿಶದಪಡಿಸಿರುವರು. ಇಂತಹ ಒಟ್ಟುಗೂಡಿಕೆಗೆ ಮೆಟಾ-ಅನಾಲಿಸಿಸ್ ಎಂಬ ಹೆಸರು ಬಂದದ್ದು ೧೯೭೬ರಲ್ಲಿ. ಹೊಲದ ಕೆಲಸವು ಹೆಸರಿಗಾಗಿ ಕಾದಿರಲಿಲ್ಲ.

ಸ್ಥಳಭೇದವನ್ನು ಸೇರಿಸಿದರೆ ಎರಡು ವರದಿಗಳ ತೂಕವೂ ಹೆಚ್ಚು ಕಡಿಮೆ ಸಮವಾಗಿ, ಕೂಡಿದ ಅಂಕಿ ಸುಮಾರು ೬೭, ಅದರ ದೋಷ ಸುಮಾರು ೩೦ ಆಗುವುದು. ಎರಡೇ ವರದಿಗಳಿಂದ ಸ್ಥಳಭೇದವನ್ನು ಸರಿಯಾಗಿ ಅಳೆಯಲಾಗದ ಕಾರಣ ಇದೂ ಒರಟು ಲೆಕ್ಕವೇ. ಆದರೂ ೫೨ ಎಂಬ ಚೊಕ್ಕ ಉತ್ತರಕ್ಕಿಂತ ಇದು ಸಾಲ ಮಾಡುವವನಿಗೆ ಹೆಚ್ಚು ಹಿತ. ಗೊಬ್ಬರದ ಬೆಲೆ ೫೦ ಕಿಲೋಗ್ರಾಂ ರಾಗಿಗೆ ಸಮನಾಗಿದ್ದರೆ, ಲಾಭವು ನಿಶ್ಚಯವೆಂದು ಯಾರೂ ಹೇಳಲಾರರು.

ಹೊಲವು ಯಾವ ಮಣ್ಣಿನದು, ಬಿತ್ತನೆ ಯಾವ ಮಳೆಗೆ ಆಯಿತು ಎಂಬುದನ್ನು ಸರಾಸರಿಯಿಂದ ಹಿಂದಕ್ಕೆ ಎಣಿಸಿ ತೆಗೆಯುವ ವಿದ್ಯೆಯಿಲ್ಲ. ಆದಕಾರಣ ವರದಿಗಳಲ್ಲಿ ತಾಕುಗಳ ಸಂಖ್ಯೆ, ಪ್ರಮಾಣದೋಷ, ಮಣ್ಣು, ಬಿತ್ತನೆಯ ದಿನ ಇವಿಷ್ಟನ್ನೂ ಅಚ್ಚು ಹಾಕಿಸುವುದು ಇಲಾಖೆಯ ಕರ್ತವ್ಯವು. ಫಲ ಕೊಡದ ಪ್ರಯೋಗಗಳನ್ನೂ ಬಿಡಬಾರದು. ಗೊಬ್ಬರ ಹಾಕದ ಒಂದೇ ತಾಕಿನೊಡನೆ ಎರಡು ಗೊಬ್ಬರಗಳನ್ನು ಹೋಲಿಸಿ ಎರಡು ವರದಿ ಮಾಡಿದ್ದರೆ ಅದನ್ನೂ ತಿಳಿಸತಕ್ಕದ್ದು. ಇಲ್ಲವಾದರೆ ಆ ಒಂದು ತಾಕಿನ ಏರಿಳಿತವು ಎರಡು ಸ್ವತಂತ್ರ ಸಾಕ್ಷಿಗಳಂತೆ ಎರಡು ಸಲ ಎಣಿಕೆಗೆ ಬರುವುದು.