ಹೋಗುವ ಹುಡುಗನಿಗೆ ಮರಳುವ ದಾರಿಯೂ ಇರಲಿ

2019ರ ಫೆಬ್ರವರಿ 20ರ ರಾತ್ರಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಅಂಕಣ ಕಿಕ್ಕಿರಿದಿತ್ತು. ಎದುರಾಳಿ ಪಕ್ಕದೂರಿನ ಬದ್ಧವೈರಿ ನಾರ್ತ್ ಕ್ಯಾರೊಲಿನಾ. ಮರುಮಾರಾಟದ ಟಿಕೆಟ್‌ಗಳು ಸಾವಿರಾರು ಡಾಲರ್‌ಗೆ ಹೋಗಿದ್ದವು, ಮಾಜಿ ಅಧ್ಯಕ್ಷ ಬರಾಕ್ ಒಬಾಮ ಕೂಡ ಪ್ರೇಕ್ಷಕರ ಸಾಲಿನಲ್ಲಿದ್ದರು. ಪಂದ್ಯ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. ಚೆಂಡು ಪುಟಿಸುತ್ತಾ ಬಂದ 18 ವರ್ಷದ ಜಿಯಾನ್ ವಿಲಿಯಮ್ಸನ್ ದಿಕ್ಕು ಬದಲಿಸಲು ಎಡಗಾಲು ಊರಿದ್ದೇ ತಡ, ಶೂ ಸೀಳಿ ಪಾದ ಹೊರಬಂತು. ಹುಡುಗ ಬಲ ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕುಸಿದ. ಅಷ್ಟು ಜನರನ್ನು ಅಲ್ಲಿಗೆ ಎಳೆತಂದಿದ್ದವನು ಅವನೇ. ಆದರೆ ಆ ಆಟಕ್ಕೆ ಅವನಿಗಿದ್ದ ಪ್ರತಿಫಲ ಸ್ಕಾಲರ್‌ಶಿಪ್ ಮಾತ್ರ. ಪುಣ್ಯಕ್ಕೆ ಉಳುಕು ಸಣ್ಣದಾಗಿತ್ತು, ಜೂನ್ ತಿಂಗಳ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಅವನು ಮೊದಲನೆಯವನಾಗಿಯೇ ಆಯ್ಕೆಯಾದ. ಅಸ್ಥಿರಜ್ಜು ಹರಿದಿದ್ದರೆ ಕೋಟ್ಯಂತರ ಡಾಲರ್‌ಗಳ ಭವಿಷ್ಯ ಅಲ್ಲೇ ಮಣ್ಣುಪಾಲಾಗಬಹುದಿತ್ತು. ಎನ್‌ಬಿಎಗೆ ನೇರವಾಗಿ ಹೋಗುವ ಆಯ್ಕೆ ಅವನಿಗೆ ಇರಲೇ ಇಲ್ಲ. 19 ವರ್ಷ ತುಂಬುವ ವರ್ಷವಾಗಿರಬೇಕು, ಹೈಸ್ಕೂಲು ಮುಗಿದು ಒಂದು ವರ್ಷ ಕಳೆದಿರಬೇಕು ಎಂಬುದು ಅಮೆರಿಕದ ಹುಡುಗರಿಗೆ ಲೀಗ್ ಹಾಕಿರುವ ಷರತ್ತು.

ಈ ನಿಯಮ ಹುಡುಗರ ಹಿತಕ್ಕೆ ಹುಟ್ಟಿದ್ದು ಎನ್ನುವವರು ಅದರ ಚರಿತ್ರೆಯನ್ನು ಒಮ್ಮೆ ನೋಡಬೇಕು. ಹೈಸ್ಕೂಲು ಬಿಟ್ಟು ನಾಲ್ಕು ವರ್ಷ ಕಾಯಬೇಕೆಂಬ ಹಳೆಯ ನಿರ್ಬಂಧ 1971ರಲ್ಲಿ ಸ್ಪೆನ್ಸರ್ ಹೇವುಡ್ ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದ ಮೇಲೆ ನಿಲ್ಲಲಿಲ್ಲ. 1995ರಲ್ಲಿ ಕೆವಿನ್ ಗಾರ್ನೆಟ್, ಮರುವರ್ಷ ಕೋಬಿ ಬ್ರಯಂಟ್, 2003ರಲ್ಲಿ ಲೆಬ್ರಾನ್ ಜೇಮ್ಸ್ ಹೈಸ್ಕೂಲಿನಿಂದ ನೇರವಾಗಿ ಎನ್‌ಬಿಎಗೆ ಬಂದರು. 2005ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಮಾಡಿಕೊಂಡ ಒಪ್ಪಂದ ಆ ಬಾಗಿಲನ್ನು ಮತ್ತೆ ಹಾಕಿತು. ಇದರಿಂದ ತಂಡಗಳಿಗಾದ ಲಾಭ ಎರಡು ಬಗೆಯದು. ಹದಿನೇಳರ ಹುಡುಗನನ್ನು ಹೈಸ್ಕೂಲು ಜಿಮ್‌ನಲ್ಲಿ ನೋಡಿ ಅಳೆಯುವ ಜೂಜು ತಪ್ಪಿತು, ಒಂದು ವರ್ಷ ದೊಡ್ಡ ಪಂದ್ಯಗಳಲ್ಲಿ ಅವನನ್ನು ಪುಕ್ಕಟೆಯಾಗಿ ಪರೀಕ್ಷಿಸುವ ಅವಕಾಶ ಸಿಕ್ಕಿತು. ಎರಡನೆಯದು ಹಣದ ಲೆಕ್ಕ. ಹೊಸಬರ ಸಂಬಳಕ್ಕೆ ನಿಗದಿತ ಮಿತಿಯಿದೆ. ನಿಜವಾದ ಬೆಲೆ ಸಿಗುವುದು ಎರಡನೇ ಕರಾರಿನಲ್ಲಿ. ಗಾರ್ನೆಟ್ 21ನೇ ವಯಸ್ಸಿಗೇ ಆರು ವರ್ಷಕ್ಕೆ 12.6 ಕೋಟಿ ಡಾಲರ್ ಕರಾರು ಪಡೆದಾಗ ಮಾಲೀಕರು ಬೆಚ್ಚಿಬಿದ್ದಿದ್ದರು. ಪ್ರವೇಶ ಒಂದು ವರ್ಷ ತಡವಾದರೆ ಆ ದೊಡ್ಡ ಕರಾರೂ ಅಷ್ಟೇ ತಡವಾಗುತ್ತದೆ. ಆ ಒಪ್ಪಂದಕ್ಕೆ ಸಹಿ ಹಾಕಿದವರು ಮಾಲೀಕರು ಮತ್ತು ಆಗಲೇ ಆಡುತ್ತಿದ್ದ ಆಟಗಾರರು. ಹೊರಗೆ ನಿಂತಿದ್ದ ಹುಡುಗರನ್ನು ಯಾರೂ ಕೇಳಲಿಲ್ಲ.

ಹಾಗಾದರೆ ಕಾಲೇಜು ಬಿಟ್ಟು ಹೋಗಿ ಕೆಟ್ಟವರಿಲ್ಲವೇ? ಇದ್ದಾರೆ. 2001ರಲ್ಲಿ ನ್ಯೂಜೆರ್ಸಿಯ ಶಿಬಿರವೊಂದಕ್ಕೆ ಬಂದಾಗ ಲೆನ್ನಿ ಕುಕ್ ದೇಶದ ಹೈಸ್ಕೂಲು ಆಟಗಾರರಲ್ಲಿ ಅಗ್ರಗಣ್ಯ. ಅಲ್ಲಿ ಅವನ ತಂಡವನ್ನು ಕೊನೆಯ ಕ್ಷಣದ ಎಸೆತದಿಂದ ಸೋಲಿಸಿದ್ದು ಲೆಬ್ರಾನ್ ಎಂಬ ಕಿರಿಯ ಹುಡುಗ. ಮರುವರ್ಷದ ಡ್ರಾಫ್ಟ್‌ನಲ್ಲಿ ಕುಕ್‌ನ ಹೆಸರನ್ನು ಯಾವ ತಂಡವೂ ಕೂಗಲಿಲ್ಲ. ಏಜೆಂಟರ ಕೈ ಹಿಡಿದಿದ್ದರಿಂದ ಕಾಲೇಜು ಕ್ರೀಡೆಯೂ ಅವನ ಪಾಲಿಗೆ ಮುಗಿದಿತ್ತು. ಅದಕ್ಕೂ ಮೊದಲು, 1998ರಲ್ಲಿ, ಕಾರ್ಲಿಯೋನ್ ಯಂಗ್ 40ನೆಯವನಾಗಿ ಆಯ್ಕೆಯಾಗಿ ಡೆಟ್ರಾಯ್ಟ್ ಪರ ಆಡಿದ್ದು ಮೂರೇ ಪಂದ್ಯ. ಇವರ ಪಕ್ಕದಲ್ಲಿ ಕ್ವಾಮೆ ಬ್ರೌನ್‌ನನ್ನು ಇಟ್ಟು ನೋಡಿ. 2001ರಲ್ಲಿ ಹೈಸ್ಕೂಲಿನಿಂದ ಬಂದು ಮೊದಲ ಸ್ಥಾನದಲ್ಲೇ ಆಯ್ಕೆಯಾದ, ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ಇಂದಿಗೂ ವಿಫಲತೆಗೆ ಉದಾಹರಣೆ ಬೇಕಾದಾಗ ಅವನ ಹೆಸರೇ ಬರುತ್ತದೆ. ಆ ‘ವಿಫಲ’ ಆಟಗಾರ ಎನ್‌ಬಿಎಯಲ್ಲಿ 12 ಋತು ಆಡಿ ಕೋಟಿಗಟ್ಟಲೆ ಗಳಿಸಿದ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನಿಗೆ ಖಾತರಿ ಕರಾರು ಇತ್ತು, ಕಲಿಯಲು ಸಮಯವಿತ್ತು. ಕುಕ್ ಮತ್ತು ಯಂಗ್ ಮುಳುಗಿದ್ದು ಬೇಗ ಹೊರಟಿದ್ದಕ್ಕಲ್ಲ, ಹಿಂದಿರುಗಲು ದಾರಿಯೇ ಇಲ್ಲದ್ದಕ್ಕೆ. ಹರೆಯದಲ್ಲಿ ಮಾಡಿದ ಒಂದು ತಪ್ಪು ಅಂದಾಜಿಗೆ ಜೀವಮಾನದ ದಂಡ ಹಾಕಿದವರು ನಿಯಮ ಮಾಡಿದವರು.

ಇತರ ಕೆಲವು ಆಟಗಳು ಈ ಆಯ್ಕೆಯನ್ನು ಇಷ್ಟು ಕಟುವಾಗಿ ನಡೆಸುವುದಿಲ್ಲ. ಐಸ್ ಹಾಕಿಯಲ್ಲಿ ಎನ್‌ಎಚ್‌ಎಲ್ ತಂಡ 18ರ ಹುಡುಗನನ್ನು ಆರಿಸಿಕೊಂಡ ಮೇಲೂ ಅವನು ಕಾಲೇಜಿನಲ್ಲಿ ಆಡುತ್ತಿರಬಹುದು. ಆಯ್ಕೆಯ ಹಕ್ಕು ತಂಡದ ಬಳಿ ಇರುತ್ತದೆ, ಹುಡುಗ ಮಾಗಲು ಕಾಲ ತೆಗೆದುಕೊಳ್ಳುತ್ತಾನೆ. ಬೇಸ್‌ಬಾಲ್‌ನಲ್ಲಿ ಹೈಸ್ಕೂಲು ಮುಗಿಸಿದವನು ಆಯ್ಕೆಯಾಗಿಯೂ ಕರಾರು ಒಪ್ಪದೆ ಕಾಲೇಜಿಗೆ ಹೋಗಬಹುದು. ಕರಾರು ಒಪ್ಪಿಕೊಂಡವನ ಮುಂದಿನ ಓದಿನ ಖರ್ಚನ್ನು ಕ್ಲಬ್ಬು ವಹಿಸಿಕೊಳ್ಳುವ ಪದ್ಧತಿಯೂ ಇದೆ.

ಓದು ಹಾಳಾಗುತ್ತದೆ ಎಂಬುದು ದೊಡ್ಡ ಆಕ್ಷೇಪ, ನಮ್ಮ ಕಡೆಯ ಅಪ್ಪ ಅಮ್ಮಂದಿರೂ ಮೊದಲು ಕೇಳುವುದು ಇದನ್ನೇ. ಆದರೆ ಈ ನಿಯಮ ತಂದುಕೊಟ್ಟ ಓದಾದರೂ ಎಂಥದ್ದು? ಆಗಸ್ಟ್‌ನಲ್ಲಿ ಸೇರಿ, ಏಪ್ರಿಲ್‌ವರೆಗೆ ಆಡಿ, ಜೂನ್‌ನಲ್ಲಿ ಡ್ರಾಫ್ಟ್‌ಗೆ ಹೊರಡುವವನಿಗೆ ದಕ್ಕುವುದು ಎರಡು ಸೆಮಿಸ್ಟರು, ಅದರಲ್ಲೂ ಅರ್ಧ ವಿಮಾನ ಪ್ರಯಾಣ. ಅದನ್ನು ಶಿಕ್ಷಣ ಎಂದು ಕರೆಯುವುದೇ ಶಿಕ್ಷಣಕ್ಕೆ ಮಾಡುವ ಅವಮಾನ. ಕಾಲೇಜು ಮೂವತ್ತರಲ್ಲೂ ಕಾಯುತ್ತದೆ, ಮೊಣಕಾಲು ಕಾಯುವುದಿಲ್ಲ. 1992ರಲ್ಲಿ ಪದವಿ ಮುಗಿಸದೆ ಹೋದ ಶಾಕಿಲ್ ಓನೀಲ್ 2000ದಲ್ಲಿ ಪದವಿ ಪಡೆದರು, ಮುಂದೆ ಡಾಕ್ಟರೇಟನ್ನೂ ಮಾಡಿದರು. ವಿನ್ಸ್ ಕಾರ್ಟರ್ 2001ರಲ್ಲಿ ಎನ್‌ಬಿಎ ಸರಣಿಯೊಂದರ ನಿರ್ಣಾಯಕ ಏಳನೇ ಪಂದ್ಯದ ದಿನ ಬೆಳಿಗ್ಗೆ ಘಟಿಕೋತ್ಸವಕ್ಕೆ ಹೋಗಿ ಬಂದು ಸಂಜೆ ಆಡಿದರು. ಕೊನೆಯ ಎಸೆತ ತಪ್ಪಿತು. ಓದಿದ್ದಕ್ಕೂ ಅವರು ಬೈಗುಳ ತಿನ್ನಬೇಕಾಯಿತು!

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎನ್‌ಬಿಎಯ 30 ತಂಡಗಳಲ್ಲಿ ಪೂರ್ಣ ಕರಾರಿನ ಜಾಗ 450ರಷ್ಟೇ. ಕಾಲೇಜಿನಲ್ಲಿ ಆಡುವವರಲ್ಲೇ ಅಲ್ಲಿ ತಲುಪುವವರು ನೂರಕ್ಕೆ ಒಬ್ಬರು. ಒಬ್ಬ ಲೆಬ್ರಾನ್‌ನನ್ನು ನೋಡಿ ಸಾವಿರ ಹುಡುಗರು ಪುಸ್ತಕ ಬಿಸಾಡಿದರೆ? ಈ ಭಯ ಸುಳ್ಳಲ್ಲ. ಬಹುಪಾಲು ಆಟಗಾರರಿಗೆ ಕಾಲೇಜೇ ಸರಿ. ಹೈಸ್ಕೂಲಿನಲ್ಲಿ ದೊಡ್ಡ ಕಾಲೇಜುಗಳ ಕಣ್ಣಿಗೆ ಬೀಳದ ಸ್ಟೀಫನ್ ಕರ್ರಿ, ಡೇವಿಡ್ಸನ್ ಎಂಬ ಸಣ್ಣ ಕಾಲೇಜಿನಲ್ಲಿ ಮೂರು ವರ್ಷ ಆಡಿದ್ದರಿಂದಲೇ 2009ರಲ್ಲಿ ಏಳನೇ ಆಯ್ಕೆಯಾದರು. ಆದರೆ ವಯಸ್ಸಿನ ನಿರ್ಬಂಧ ಕನಸನ್ನು ತಡೆಯುವುದಿಲ್ಲ, ಒಂದು ವರ್ಷ ಮುಂದಕ್ಕೆ ಹಾಕುತ್ತದೆ. ಹುಡುಗನಿಗೆ ಬೇಕಿರುವುದು ‘ನಿನ್ನನ್ನು ಎಷ್ಟನೇ ಸ್ಥಾನದಲ್ಲಿ ಆರಿಸಬಹುದು’ ಎಂಬ ಪ್ರಾಮಾಣಿಕ ಅಂದಾಜು, ಅದು ತಪ್ಪಾದರೆ ಮರುದಿನ ಕಾಲೇಜಿಗೆ ಸೇರುವ ಹಕ್ಕು.

ಈಚಿನ ಬದಲಾವಣೆಗಳು ಈ ಮಾತಿಗೆ ಬಲ ಕೊಟ್ಟಿವೆ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಹಣ ಗಳಿಸಬಹುದು. 2025ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿ ಒಪ್ಪಂದದ ನಂತರ ಕಾಲೇಜುಗಳೇ ನೇರವಾಗಿ ಹಣ ಕೊಡುತ್ತಿವೆ. ಕಾಲೇಜಿಗೆ ಪರ್ಯಾಯವೆಂದು 2020ರಲ್ಲಿ ಎನ್‌ಬಿಎ ಕಟ್ಟಿದ ‘ಜಿ ಲೀಗ್ ಇಗ್ನೈಟ್’ ತಂಡ ಆ ಪೈಪೋಟಿ ತಾಳಲಾರದೆ 2024ರಲ್ಲಿ ಮುಚ್ಚಿತು. ಹಾಗಾದರೆ ಬಲವಂತವೇಕೆ? ಕಾಲೇಜೇ ಒಳ್ಳೆಯ ವ್ಯವಹಾರವಾದರೆ ಹುಡುಗರು ತಾವಾಗಿಯೇ ಬರುತ್ತಾರೆ. ಇನ್ನು 2023ರಲ್ಲಿ ಡ್ರಾಫ್ಟ್ ಆಗಿ ಯುರೋಪಿನಲ್ಲಿ ವೃತ್ತಿಪರನಾಗಿ ಆಡಿದ್ದ ಜೇಮ್ಸ್ ನಾಜಿಗೆ ಬೇಲರ್ ವಿಶ್ವವಿದ್ಯಾಲಯದ ಪರ ಆಡಲು ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ಅನುಮತಿ ಕೊಟ್ಟಾಗ ಹಿರಿಯ ಕೋಚ್‌ಗಳು ಸಿಡಿದೆದ್ದರು. ಪಳಗಿದವನು ಬಂದು ಹೊಸ ಹುಡುಗನ ಜಾಗ ಕಸಿಯುತ್ತಾನೆ ಎಂಬ ಅವರ ದೂರಿನಲ್ಲಿ ಹುರುಳಿದೆ. ವಯಸ್ಸಿಗೆ, ವರ್ಷಗಳಿಗೆ ಮಿತಿ ಹಾಕಲಿ. ಒಬ್ಬೊಬ್ಬರಿಗೆ ಒಂದೊಂದು ನ್ಯಾಯ ಮಾಡುವುದಕ್ಕಿಂತ ಎಲ್ಲರಿಗೂ ತಿಳಿಯುವಂತೆ ಬರೆದಿಟ್ಟ ನಿಯಮ ಬೇಕು.

ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್ ಕಾಲೇಜಿನಲ್ಲಿ ಆಡದೆಯೇ 2015ರಲ್ಲಿ ಡಲ್ಲಾಸ್ ತಂಡಕ್ಕೆ 52ನೆಯವನಾಗಿ ಆಯ್ಕೆಯಾದಾಗ ನಾವೆಲ್ಲ ಸಂಭ್ರಮಿಸಿದೆವು. ಎನ್‌ಬಿಎಯಲ್ಲಿ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. ಅಂಥವರಿಗೆ ಮೂರು ವರ್ಷ ಕಾಲೇಜು ಅಂಕಣದಲ್ಲಿ ಪಳಗಿ ಮತ್ತೆ ಪ್ರಯತ್ನಿಸುವ ದಾರಿ ಇರಬೇಕಿತ್ತು. ಲೀಗ್ ಮತ್ತು ಆಟಗಾರರ ಸಂಘದ ಈಗಿನ ಒಪ್ಪಂದ 2029-30ರ ಋತುವಿನವರೆಗೆ ಇದೆ. ಮುಂದಿನ ಮಾತುಕತೆಗೆ ಕೂತಾಗ ಎನ್‌ಬಿಎ ವಯಸ್ಸಿನ ಷರತ್ತನ್ನು ಕಿತ್ತುಹಾಕಲಿ. ಆಯ್ಕೆಯಾಗದವರು, ಎರಡನೇ ಸುತ್ತಿನಲ್ಲಿ ಕರಾರಿಲ್ಲದೆ ಉಳಿದವರು ಕಾಲೇಜಿಗೆ ಮರಳುವ ಹಕ್ಕನ್ನು ಎನ್‌ಸಿಎಎ ಅದೇ ಹೊತ್ತಿಗೆ ತನ್ನ ನಿಯಮಾವಳಿಯಲ್ಲಿ ಬರೆಯಲಿ.